ಬೆಟ್ಟದ ಬುಡದವರು ಓದದೆ ಉಳಿಸಿಕೊಂಡ ‘ಬೆಟ್ಟದ ಜೀವ’

ಸುಳ್ಯ, ಗುತ್ತಿಗಾರು, ಪಂಜದ ಕಡೆ ಯಾರನ್ನಾದರೂ ‘ಬೆಟ್ಟದ ಜೀವ’ ಓದಿದ್ದೀರಾ ಎಂದು ಕೇಳಿ ನೋಡಿ. ‘ಓದದೆ ಇರ್ಲಿಕ್ಕುಂಟಾ ಮಾರಾಯ್ರೆ, ಅದು ನಮ್ಮ ಊರಿನದ್ದೇ ಕತೆಯಲ್ವಾ’ ಎಂಬ ಮಾತು ಸಿಗುತ್ತದೆ. ಗೋಪಾಲಯ್ಯ ಗೊತ್ತು, ಶಂಕರಮ್ಮ ಗೊತ್ತು, ಕಾಟುಮೂಲೆಯ ಹೆಸರೂ ಎಲ್ಲೋ ಕೇಳಿದ್ದೇ. ಶಂಭು ಕೊನೆಗೆ ಮನೆಗೆ ಬರುತ್ತಾನಾ ಎಂದು ಇನ್ನೊಂದು ಪ್ರಶ್ನೆ ಹಾಕಿದರೆ ಮಾತು ತಡವರಿಸುತ್ತದೆ. ‘ಸಿನಿಮಾದಲ್ಲಿ ನೋಡಿದ್ದು, ಸರಿ ನೆನಪಿಲ್ಲ.’

ಅದು ಸುಳ್ಳು ಹೇಳಿದ್ದಲ್ಲ. ಊರಿನ ಆಸ್ತಿಯೇ ಆಗಿಬಿಟ್ಟ ಪುಸ್ತಕವನ್ನು ಪ್ರತ್ಯೇಕವಾಗಿ ಓದಬೇಕು ಎಂದು ಅನ್ನಿಸುವುದೇ ಇಲ್ಲ. ಕುಮಾರಪರ್ವತ ದಿನಾ ಕಣ್ಣೆದುರು ಇರುವವರು ಅದನ್ನು ಹತ್ತಿಯೇ ತೀರಬೇಕೆಂದು ಹೊರಡುವುದು ಕಡಿಮೆ. 1,712 ಮೀಟರ್ ಎತ್ತರದ ಆ ತುದಿಗೆ ಶನಿವಾರ ರಾತ್ರಿ ಬಸ್ಸು ಹತ್ತಿ ಬರುವವರು ಹೆಚ್ಚಾಗಿ ಬೆಂಗಳೂರಿನವರು.

ಶಿವರಾಮ ಕಾರಂತರ ‘ಬೆಟ್ಟದ ಜೀವ’ ಪ್ರಕಟವಾದದ್ದು 1943ರಲ್ಲಿ. ಆ ಹೊತ್ತಿಗೆ ‘ಚೋಮನ ದುಡಿ’ ಬಂದು ಹತ್ತು ವರ್ಷವಾಗಿತ್ತು. ‘ಮರಳಿ ಮಣ್ಣಿಗೆ’ಯೂ ಬಂದಾಗಿತ್ತು. ಕೋಟದಲ್ಲಿ ಹುಟ್ಟಿದ ಕಾರಂತರು ಬದುಕಿನ ಬಹುಪಾಲನ್ನು ಕಳೆದದ್ದು ಪುತ್ತೂರಿನ ಬಾಲವನದಲ್ಲಿ. ಸುಳ್ಯ, ಸುಬ್ರಹ್ಮಣ್ಯದ ಕಾಡು ಅವರಿಗೆ ಕಾಲ್ನಡಿಗೆಯ ದೂರದ ಪರಿಚಯ. ಕಾದಂಬರಿ ಅಲ್ಲಿಂದ ಇಲ್ಲಿಯವರೆಗೆ ಮುದ್ರಣದ ಮೇಲೆ ಮುದ್ರಣ ಕಾಣುತ್ತಲೇ ಇದೆ. ಕನ್ನಡದಲ್ಲಿ ಎಂಬತ್ತು ವರ್ಷ ಅಂಗಡಿಯ ಕಪಾಟಿನಿಂದ ಇಳಿಯದ ಪುಸ್ತಕಗಳು ಬೆರಳೆಣಿಕೆಯವು. ಇಷ್ಟು ಜನ ಕೊಂಡ ಪುಸ್ತಕವನ್ನು, ಕತೆ ನಡೆಯುವ ಮಣ್ಣಿನವರೇ ಏಕೆ ಮುಂದೂಡುತ್ತ ಬಂದರು?

ಒಂದು ಕಾರಣ ಶಾಲೆ, ಕಾಲೇಜು. ಕಾದಂಬರಿಯೊಂದು ‘ನಾನ್ ಡೀಟೇಲ್’ ಪಠ್ಯವಾಯಿತೆಂದರೆ ಅದಕ್ಕೊಂದು ಗೈಡು ಹುಟ್ಟುತ್ತದೆ. ‘ಪಾತ್ರ ಚಿತ್ರಣ ಮಾಡಿರಿ’, ‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿರಿ’ ಎಂಬ ಎರಡು ಪ್ರಶ್ನೆಗಳ ನಡುವೆ ಪುಸ್ತಕ ಹಂಚಿಹೋಗುತ್ತದೆ. ‘ಪ್ರಕೃತಿಯೊಡನೆ ಸೆಣಸಿ ಗೆದ್ದ ಮನುಷ್ಯನ ಛಲ’ ಎಂಬಂಥ ಒಂದು ಸಾಲು ಬಾಯಿಪಾಠವಾಗುತ್ತದೆ, ಅಂಕ ಬರುತ್ತದೆ. ಹದಿನೇಳರ ವಯಸ್ಸಿನಲ್ಲಿ ಗೋಪಾಲಯ್ಯ ಎಂದರೆ ಅಷ್ಟೇ. ಅಂಕಕ್ಕಾಗಿ ಓದಿದ್ದನ್ನು ಮತ್ತೆ ಸುಖಕ್ಕಾಗಿ ಕೈಗೆತ್ತಿಕೊಳ್ಳಲು ಮನಸ್ಸು ಒಪ್ಪುವುದಕ್ಕೆ ವರ್ಷಗಳೇ ಬೇಕು.

ಇನ್ನೊಂದು ಕಾರಣ ಈ ಊರಿಗೇ ಸೇರಿದ್ದು. ಸುಳ್ಯದ ಅನೇಕ ಮನೆಗಳಲ್ಲಿ ಒಳಗೆ ಅರೆಭಾಷೆ ಅಥವಾ ಹವ್ಯಕ, ಪೇಟೆಯಲ್ಲಿ ತುಳು, ಗಡಿಯ ಕಡೆ ಹೋದರೆ ಮಲಯಾಳ, ಬ್ಯಾರಿ. ಅಚ್ಚಿನ ಕನ್ನಡ ಬಹಳ ಮಂದಿಗೆ ಶಾಲೆಯಲ್ಲಿ ಕಲಿತ ಭಾಷೆ. ಹಾಗಾಗಿ ಕನ್ನಡದ ದಪ್ಪ ಪುಸ್ತಕ ಎಂದರೆ ಬೆಂಚಿನ ನೆನಪೇ ಮೊದಲು ಬರುತ್ತದೆ. ತಮ್ಮದೇ ತೋಟ, ತಮ್ಮದೇ ತೋಡು ಆ ಭಾಷೆಯಲ್ಲಿ ಕಾಣಿಸಿಕೊಂಡಾಗಲೂ ಅದು ಪರೀಕ್ಷೆಯ ತೋಟವೇ.

ಪಿ. ಶೇಷಾದ್ರಿಯವರ ಸಿನಿಮಾ ಬಂದ ಮೇಲೆ ಮೂರನೆಯ ಕಾರಣವೂ ಸಿಕ್ಕಿತು. ದತ್ತಣ್ಣ ಗೋಪಾಲಯ್ಯನಾಗಿ ನಟಿಸಿದ ಆ ಚಿತ್ರಕ್ಕೆ ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂತು. ಒಳ್ಳೆಯ ಚಿತ್ರ. ಆದರೆ ಎರಡು ಗಂಟೆಯಲ್ಲಿ ಕತೆ ಗೊತ್ತಾಯಿತಲ್ಲ ಎಂಬ ಸಮಾಧಾನವೂ ಅದರ ಜೊತೆಗೇ ಬಂತು.

ಓದದ ಪುಸ್ತಕವನ್ನು ಓದಿದ್ದೇನೆ ಅನ್ನುವುದು ಎಲ್ಲ ಊರಿನ ಚಾಳಿ. 2009ರಲ್ಲಿ ಬ್ರಿಟನ್ನಿನಲ್ಲಿ ವಿಶ್ವ ಪುಸ್ತಕ ದಿನದ ಸಂದರ್ಭಕ್ಕೆ ನಡೆದ ಸಮೀಕ್ಷೆಯೊಂದರಲ್ಲಿ ಮೂವರಲ್ಲಿ ಸುಮಾರು ಇಬ್ಬರು ಹಾಗೆ ಹೇಳಿಕೊಂಡದ್ದುಂಟು ಎಂದು ಒಪ್ಪಿಕೊಂಡಿದ್ದರು. ಪಟ್ಟಿಯ ತುದಿಯಲ್ಲಿದ್ದದ್ದು ಜಾರ್ಜ್ ಆರ್ವೆಲ್‌ರ ‘1984’. ಕನ್ನಡದಲ್ಲಿ ಬೇರೆ ರೀತಿಯ ದೂರವೂ ಇತ್ತು. ತ್ರಿವೇಣಿ, ಅನಕೃ ಅವರ ಕಾದಂಬರಿಗಳು ಕೈಯಿಂದ ಕೈಗೆ ದಾಟುತ್ತಿದ್ದ ಕಾಲದಲ್ಲೇ, ಜನ ಮುಗಿಬಿದ್ದು ಓದುವುದರಲ್ಲಿ ಏನಿದ್ದೀತು ಎಂದು ಅನುಮಾನಿಸುವ ವಿದ್ಯಾವಂತ ಓದುಗರ ಒಂದು ಬಳಗ ಬೆಳೆದಿತ್ತು. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಪುಸ್ತಕದ ಸುತ್ತಲಿನ ಜಗಳವನ್ನು ಓದಿದವರೆಲ್ಲ ಪುಸ್ತಕವನ್ನು ಓದಿರಲಿಲ್ಲ. ಇವೆಲ್ಲ ಪುಸ್ತಕ ತಮ್ಮದಲ್ಲ ಎಂದು ದೂರ ಉಳಿದ ಬಗೆಗಳು. ‘ಬೆಟ್ಟದ ಜೀವ’ದಿಂದ ಸುಳ್ಯ ದೂರ ಉಳಿದದ್ದು ಅದು ತೀರಾ ತನ್ನದು ಎಂಬ ಭಾವನೆಯಿಂದ.

ಹೀಗೆ ಮುಂದೂಡಿಕೊಂಡು ಬಂದ ಓದುಗ, ತಲೆ ನರೆಯುವ ಹೊತ್ತಿನಲ್ಲಿ, ಮಳೆಗಾಲದ ಒಂದು ಸಂಜೆ ಕರೆಂಟಿಲ್ಲದೆ ಮಾಡಲು ಬೇರೇನೂ ತೋಚದಾಗ ಪುಸ್ತಕ ತೆರೆದರೆ ಏನು ಸಿಗುತ್ತದೆ?

ಮೊದಲು ಸಿಗುವುದು ಕತ್ತಲು. ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಪ್ರಯಾಣಿಕ. ಹಗಲು ಜಾರುತ್ತಿದೆ, ಕಾಲು ಸೋತಿದೆ. ದೇರಣ್ಣ, ಬಟ್ಯ ಎಂಬಿಬ್ಬರು ಎದುರಾಗುತ್ತಾರೆ. ಅವರ ಬೆನ್ನು ಹಿಡಿದು ಹೋದರೆ ಕಾಡಿನ ನಡುವೆ ಒಂದು ಮನೆ. ಪೇಟೆಯವರಿಗೆ ಇದು ಕತೆಯ ಆರಂಭಕ್ಕೆ ಹೊಂದಿಸಿದ ಸನ್ನಿವೇಶ ಅನ್ನಿಸಬಹುದು. ಕಲ್ಮಕಾರು, ಕೊಲ್ಲಮೊಗ್ರದ ಕಡೆಯವರಿಗೆ ಹಾಗಲ್ಲ. ಬೆಟ್ಟದ ನೆರಳಿನಲ್ಲಿ ಬಯಲಿಗಿಂತ ಬೇಗ ಕತ್ತಲಾಗುತ್ತದೆ, ತೋಡಿನ ಸದ್ದು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಕೇಳುತ್ತದೆ, ಮನೆ ಹತ್ತಿರ ಬಂತೆಂದು ಮೊದಲು ಗೊತ್ತಾಗುವುದು ಬಚ್ಚಲ ಒಲೆಯ ಹೊಗೆಯ ವಾಸನೆಯಿಂದ. ಇದನ್ನೆಲ್ಲ ಮೈಯೇ ಬಲ್ಲ ಓದುಗನಿಗೆ ಆ ಪುಟಗಳಲ್ಲಿ ವಿವರಣೆ ಬೇಕಾಗುವುದೇ ಇಲ್ಲ.

ಬಂದವನಿಗೆ ಬಿಸಿನೀರು, ಊಟ, ಹಾಸಿಗೆ. ನಾಳೆ ಬೆಳಗ್ಗೆ ಹೊರಡುತ್ತೇನೆಂದವನನ್ನು ಗೋಪಾಲಯ್ಯ ಬಿಡುವುದಿಲ್ಲ. ಒಂದು ರಾತ್ರಿ ದಿನಗಳಾಗುತ್ತದೆ. ಮುದುಕ ನಗಿಸುತ್ತಾನೆ, ಹೆಂಡತಿ ಶಂಕರಮ್ಮನನ್ನು ಛೇಡಿಸುತ್ತಾನೆ, ತೋಟ ತೋರಿಸುತ್ತಾನೆ, ಬೆಟ್ಟ ತೋರಿಸುತ್ತಾನೆ. ಗೈಡಿನಲ್ಲಿ ‘ಆತಿಥ್ಯ’ ಎಂದು ಒಂದೇ ಪದದಲ್ಲಿ ಬರೆದದ್ದು ಇದನ್ನೇ. ಐವತ್ತು ದಾಟಿದ ಓದುಗನಿಗೆ ಅದರಡಿಯಲ್ಲಿ ಇನ್ನೊಂದು ಕಾಣುತ್ತದೆ: ಈ ಮನುಷ್ಯನಿಗೆ ಮಾತಾಡಲು ಒಬ್ಬರು ಬೇಕು. ಮಗ ಶಂಭು ಓದಲೆಂದು ಹೋದವನು, ಸ್ವಾತಂತ್ರ್ಯ ಚಳವಳಿಯ ಸೆಳೆತಕ್ಕೆ ಸಿಕ್ಕವನು, ಹಿಂದಿರುಗಿಲ್ಲ. ಶಂಕರಮ್ಮ ಅದನ್ನು ಹೇಳಿಕೊಂಡು ಅಳಬಲ್ಲಳು. ಗೋಪಾಲಯ್ಯ ಅಳುವ ಜಾಗದಲ್ಲೆಲ್ಲ ತಮಾಷೆ ಮಾಡುತ್ತಾನೆ. ಬಂದ ಅತಿಥಿ ಮಗನ ವಯಸ್ಸಿನವನು ಎಂಬುದು ಒಮ್ಮೆ ಹೊಳೆದ ಮೇಲೆ ‘ಇನ್ನೊಂದು ದಿನ ಇರಿ’ ಎಂಬ ಒತ್ತಾಯವೆಲ್ಲ ಬೇರೆಯಾಗಿ ಕೇಳಿಸುತ್ತದೆ. ಹದಿನೇಳರ ವಯಸ್ಸಿನಲ್ಲಿ ಓದಿದವರು ಶಂಭುವಿನ ಕಡೆ ನಿಂತಿರುತ್ತಾರೆ, ನಿಲ್ಲಬೇಕಾದದ್ದೂ ಹಾಗೆಯೇ. ತಡಮಾಡಿ ಓದಿದವರು ಅಂಗಳದ ಈಚೆ ಬದಿಯಲ್ಲಿ ನಿಂತಿರುತ್ತಾರೆ.

ಕಾಟುಮೂಲೆಯ ತೋಟದ ವಿಷಯ ಅಡಿಕೆ ಬೆಳೆಯುವವರೇ ಓದಬೇಕು. ಕಾಡು ಸವರಿ ಕಣಿವೆಯಲ್ಲಿ ತೋಟ ಎಬ್ಬಿಸುವುದು ಒಂದು ವರ್ಷದ ಮಾತಲ್ಲ. ತೋಡಿಗೆ ಕಟ್ಟ ಕಟ್ಟಿ ನೀರು ತಿರುಗಿಸಬೇಕು, ಮಳೆಗಾಲದ ನೀರು ನಿಲ್ಲದಂತೆ ಕಣಿ ತೆಗೆಯಬೇಕು, ಎಳೆ ಸಸಿಗೆ ಬಿಸಿಲು ತಾಗದಂತೆ ಬಾಳೆ ನೆಡಬೇಕು. ಬುಡಕ್ಕೆ ಹಾಕುವ ಸೊಪ್ಪಿಗೆ ಗುಡ್ಡ ಬೇಕು. ದಕ್ಷಿಣ ಕನ್ನಡದಲ್ಲಿ ವರ್ಗ ಜಾಗದ ಅಂಚಿನಿಂದ ನೂರು ಗಜದವರೆಗೆ ಸರಕಾರಿ ಗುಡ್ಡದಲ್ಲಿ ಸೊಪ್ಪು, ಸೌದೆ ತರುವ ‘ಕುಮ್ಕಿ’ ಹಕ್ಕು ಬಂದದ್ದೇ ಈ ಅಗತ್ಯದಿಂದ. ಇಷ್ಟೆಲ್ಲ ಮಾಡಿ, ಕಾಡುಪ್ರಾಣಿಗಳ ಕಾಟ ತಡೆದುಕೊಂಡರೆ ಐದೋ ಏಳೋ ವರ್ಷಕ್ಕೆ ಮೊದಲ ಗೊನೆ. ಗೋಪಾಲಯ್ಯ ಇದನ್ನು ಕಟ್ಟುವುದು ಮುಪ್ಪಿನ ಹೊಸ್ತಿಲಲ್ಲಿ, ಸಾಕುಮಗನಂತೆ ಬೆಳೆದ ನಾರಾಯಣನಿಗಾಗಿ. ಆ ನಾರಾಯಣನಿಗೋ ನಾಳೆ ಶಂಭು ಬಂದು ಆಸ್ತಿ ಕೇಳಿದರೆ ತನ್ನ ಗತಿಯೇನು ಎಂಬ ಅಳುಕು. ಇಲ್ಲಿ ಯಾರೂ ಕೆಟ್ಟವರಲ್ಲ. ಆದರೂ ಎಲ್ಲರಿಗೂ ನೋವಾಗುತ್ತದೆ. ಕಾರಂತರ ಕೈ ಗಟ್ಟಿ ಎಂದು ಗೊತ್ತಾಗುವುದು ಇಂಥ ಜಾಗದಲ್ಲಿ.

ಈಗ ಸುಳ್ಯದ ಕಡೆ ಬರೋಣ. ಸಂಪಾಜೆ, ಅರಂತೋಡು, ತೊಡಿಕಾನದ ಕಡೆ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತಿದೆ. ಫೈಟೋಪ್ಲಾಸ್ಮಾ ಎಂಬ ಅತಿ ಸೂಕ್ಷ್ಮ ಜೀವಿಯಿಂದ ಬರುವ ಈ ರೋಗಕ್ಕೆ ಇಂದಿಗೂ ಮದ್ದಿಲ್ಲ. ಮರ ಒಮ್ಮೆಲೇ ಸಾಯುವುದೂ ಇಲ್ಲ. ಸೋಗೆ ಹಳದಿಯಾಗುತ್ತ, ಗೊನೆ ಸಣ್ಣದಾಗುತ್ತ, ಅಡಿಕೆಯ ಒಳಗು ಕಪ್ಪಾಗುತ್ತ ವರ್ಷಗಟ್ಟಲೆ ನಿಂತೇ ಸೊರಗುತ್ತದೆ. ಅದರ ಜೊತೆಗೆ ಈಚೆಗೆ ಎಲೆಚುಕ್ಕಿ ರೋಗ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡಬೇಕು. ಮರ ಹತ್ತುವವರು ಸಿಗುವುದಿಲ್ಲವೆಂದು ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದಿದೆ. ಅದನ್ನು ಎತ್ತಿ ಹಿಡಿಯಲೂ ರಟ್ಟೆಯಲ್ಲಿ ಕಸುವು ಬೇಕು. ಮನೆಯಲ್ಲಿ ಇರುವವರು ಅಪ್ಪ, ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ಕೆಲವರು ಇನ್ನೂ ಆಚೆ.

ಹಬ್ಬಕ್ಕೆ, ನೇಮಕ್ಕೆ ಬಂದ ಮಕ್ಕಳು ಭಾನುವಾರ ರಾತ್ರಿ ಮರಳಿ ಹೊರಡುವ ಹೊತ್ತಿಗೆ ಸುಳ್ಯದ ಬಸ್ ನಿಲ್ದಾಣದಲ್ಲಿ ನಿಂತರೆ ‘ಬೆಟ್ಟದ ಜೀವ’ ಅರ್ಧ ಓದಿದ ಹಾಗೆ. ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿ ತುಂಬಿದ ಕೈಚೀಲ. ಬಸ್ಸು ಸಂಪಾಜೆ ಘಾಟಿ ಹತ್ತಿ ಮಡಿಕೇರಿ ದಾಟುತ್ತದೆ. ಅಪ್ಪ ಜೀಪಿನಲ್ಲಿ ಒಬ್ಬರೇ ಮನೆಗೆ ಹೋಗುತ್ತಾರೆ. ಕಾರಂತರ ಕಾಲದ ಮಗ ಎಲ್ಲಿದ್ದಾನೆಂದೇ ತಿಳಿಯದೆ ತಾಯ್ತಂದೆ ಕೊರಗುತ್ತಿದ್ದರು. ಇಂದಿನ ಮಗ ವಾಟ್ಸಾಪ್‌ನಲ್ಲಿ ದಿನಾ ಮುಖ ತೋರಿಸುತ್ತಾನೆ. ಎರಡೂ ಒಂದೇ ಅನ್ನುವುದು ತಪ್ಪಾದೀತು. ತೋಟಕ್ಕೆ ನಾಳೆ ಯಾರು ಎಂಬ ಪ್ರಶ್ನೆ ಮಾತ್ರ ಅಂದಿನದೇ. 2020ರ ಲಾಕ್‌ಡೌನ್‌ನಲ್ಲಿ ಊರಿನ ಶಂಭುಗಳೆಲ್ಲ ಒಮ್ಮೆಗೇ ಮನೆಗೆ ಬಂದಿದ್ದರು. ಸಿಗ್ನಲ್ ಸಿಗುವ ಗುಡ್ಡದ ತುದಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಳಿತರು, ಸಂಜೆ ತೋಟಕ್ಕೆ ಇಳಿದರು. ಕೆಲವರು ಉಳಿದರು, ಹೆಚ್ಚಿನವರು ಹೋದರು. ಆ ಒಂದೆರಡು ಮಳೆಗಾಲ ಎಷ್ಟೋ ಮನೆಗಳ ಜಗಲಿಯಲ್ಲಿ ಮಾತಿತ್ತು.

ಕಾದಂಬರಿಯ ವರ್ಷವನ್ನು ಇನ್ನೊಮ್ಮೆ ನೋಡಬೇಕು: 1943. ಅದೇ ವರ್ಷ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ಕಯ್ಯೂರಿನ ನಾಲ್ವರು ಯುವಕರನ್ನು ಗಲ್ಲಿಗೇರಿಸಲಾಯಿತು. 1941ರ ಮಾರ್ಚಿನಲ್ಲಿ ರೈತರ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ ಪ್ರಕರಣ ಅದು. ಐದನೆಯವನು ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲವೆಂದು ಗಲ್ಲಿನಿಂದ ಉಳಿದ. ಕಯ್ಯೂರು ಇದ್ದ ಕಾಸರಗೋಡು ತಾಲೂಕು ಆಗ ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ. ಹತ್ತಿರದ ನೀಲೇಶ್ವರದ ಹೈಸ್ಕೂಲಿನಲ್ಲಿ ಓದಿದ ಒಬ್ಬ ಹುಡುಗ ಈ ಕತೆಯನ್ನು 1955ರಲ್ಲಿ ‘ಚಿರಸ್ಮರಣೆ’ ಎಂದು ಬರೆದ. ಅವನೇ ನಿರಂಜನ. ಹುಟ್ಟು ಹೆಸರು ಕುಳ್ಕುಂದ ಶಿವರಾಯ, ಹುಟ್ಟಿದ್ದು 1924ರಲ್ಲಿ. ಸುಬ್ರಹ್ಮಣ್ಯದ ಪಕ್ಕದ ಕುಳ್ಕುಂದ ಇಂದು ಕಡಬ ತಾಲೂಕಿನಲ್ಲಿದೆ, ಗೋಪಾಲಯ್ಯನ ಬೆಟ್ಟದ ಬುಡದಲ್ಲೇ.

ಹೀಗೆ ಒಂದೇ ಮಣ್ಣಿಗೆ ಸೇರಿದ ಎರಡು ಜನಪ್ರಿಯ ಕಾದಂಬರಿಗಳು ಒಂದಕ್ಕೊಂದು ಎದುರುಬದುರು ಕುಳಿತಿವೆ. ಮನೆ ಬಿಟ್ಟು ಹೋದ ಮಕ್ಕಳು ಹೊರಗೆ ಏನು ಮಾಡಿದರು ಎಂಬುದು ನಿರಂಜನರ ಪುಸ್ತಕ. ಅಂಥ ಮಗ ಬಿಟ್ಟುಹೋದ ಮನೆಯಲ್ಲಿ ಏನಾಯಿತು ಎಂಬುದು ಕಾರಂತರದು. ‘ಚಿರಸ್ಮರಣೆ’ ಮಲಯಾಳಕ್ಕೆ ಹೋಗಿ ಅಲ್ಲಿ ಮನೆಮಾತಾಯಿತು. ಇಲ್ಲಿ ಅದನ್ನು ‘ಪಾರ್ಟಿಯವರ ಪುಸ್ತಕ’ ಎಂದು ಬದಿಗಿಟ್ಟವರು ಎಷ್ಟೋ. ಎರಡನ್ನೂ ಒಂದರ ಹಿಂದೆ ಒಂದು ಓದಿದರೆ ಒಂದು ಇನ್ನೊಂದರ ಕಿಟಕಿ ತೆರೆಯುತ್ತದೆ. ಹೋದವರ ಕಿಚ್ಚೂ ನಿಜ, ಉಳಿದವರ ಒಲೆಯೂ ನಿಜ.

ನಿರಂಜನರ ‘ಕಲ್ಯಾಣಸ್ವಾಮಿ’ಗೆ ಆದದ್ದೂ ಸುಮಾರಿಗೆ ‘ಬೆಟ್ಟದ ಜೀವ’ಕ್ಕೆ ಆದದ್ದೇ. 1834ರಲ್ಲಿ ಕೊಡಗನ್ನು ಕಂಪನಿ ಸರಕಾರ ವಶಪಡಿಸಿಕೊಂಡ ಮೇಲೆ ಅಮರ ಸುಳ್ಯ ಸೀಮೆಯನ್ನು ಕೆನರಾಕ್ಕೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕೆಂದರು. 1837ರ ಮಾರ್ಚ್ ಕೊನೆಗೆ ರೈತರು ಎದ್ದರು, ಬೆಳ್ಳಾರೆಯ ಖಜಾನೆ ಹಿಡಿದರು, ಏಪ್ರಿಲ್ 5ಕ್ಕೆ ಮಂಗಳೂರು ತಲುಪಿದರು. ಬಾವುಟಗುಡ್ಡದಲ್ಲಿ ಹದಿಮೂರು ದಿನ ಅವರ ಬಾವುಟ ಹಾರಿತು. ಆ ದಂಗೆಯ ಕತೆಯೇ ‘ಕಲ್ಯಾಣಸ್ವಾಮಿ’. 2022ರ ನವೆಂಬರ್ 19ರಂದು ಅದೇ ಗುಡ್ಡದಲ್ಲಿ ದಂಗೆಯ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣವಾದಾಗ ಸುಳ್ಯದಿಂದ ಜನ ಹೋಗಿ ಹೆಮ್ಮೆಯಿಂದ ನಿಂತು ನೋಡಿದರು. ಪ್ರತಿಮೆಯ ಹೆಮ್ಮೆ ಪುಸ್ತಕದ ಪುಟದವರೆಗೂ ಬರಬೇಕು. ಬೆಳ್ಳಾರೆಯ ಹುಡುಗರು ಬೆಳ್ಳಾರೆಯ ಹೆಸರಿರುವ ಕತೆಯನ್ನು ಓದಬೇಕು.

ತಡಮಾಡಿ ಓದಿದವರಿಗೆ ಇನ್ನೊಂದು ಲಾಭವಿದೆ: ಹೊಗಳಿಕೆಯ ಹಂಗಿಲ್ಲದೆ ಓದಬಹುದು. ‘ಬೆಟ್ಟದ ಜೀವ’ದ ಕತೆ ಧಣಿಯ ಅಂಗಳದಿಂದ ಹೇಳಿದ್ದು. ದಾರಿ ತಪ್ಪಿದವನನ್ನು ಕತ್ತಲಲ್ಲಿ ಕಾಪಾಡಿ ತಂದ ದೇರಣ್ಣ, ಬಟ್ಯರು ಮನೆ ಮುಟ್ಟಿದ ಮೇಲೆ ಕತೆಯ ಅಂಚಿಗೆ ಸರಿಯುತ್ತಾರೆ. ಅವರ ಮನೆ ಎಂಥದು, ಅವರ ಮಕ್ಕಳು ಎಲ್ಲಿ ಹೋದರು, ಕಾಟುಮೂಲೆಯ ಕಣಿಗಳನ್ನು ನಿಜಕ್ಕೂ ತೋಡಿದ ಕೈ ಯಾವುದು ಎಂದು ಕೇಳದೆ ಇಂದಿನ ಓದುಗ ಮುಂದೆ ಹೋಗಲಾರ. ಈ ಪ್ರಶ್ನೆ ಕಾರಂತರಿಗೆ ಹೊಸದಾಗಿರಲಿಲ್ಲ. ತುಂಡು ಭೂಮಿಯ ಆಸೆಯಲ್ಲೇ ಬದುಕು ಸವೆಸಿದ ಚೋಮನನ್ನು ಅವರು 1933ರಲ್ಲೇ ಬರೆದಿದ್ದರು. ಆದರೂ ಗೋಪಾಲಯ್ಯನ ತೋಟದಲ್ಲಿ ನಿಂತಾಗ ಚೋಮನ ದುಡಿಯ ಸದ್ದು ದೂರದಲ್ಲಷ್ಟೇ ಕೇಳುತ್ತದೆ. ಪಂಜದ ಕಡೆಯವರೇ ಆದ ಪುರುಷೋತ್ತಮ ಬಿಳಿಮಲೆಯವರ ಆತ್ಮಕಥೆ ‘ಕಾಗೆ ಮುಟ್ಟಿದ ನೀರು’ ಓದಿ ಈ ಕಾದಂಬರಿಗೆ ಬಂದರೆ, ಅದೇ ಕಾಡು, ಅದೇ ಮಳೆ, ಇನ್ನೊಂದು ಬಾಗಿಲಿನಿಂದ ಕಾಣುತ್ತದೆ. ಕೊರತೆ ಕಂಡಿತೆಂದು ಪುಸ್ತಕ ಕೆಳಗಿಡಬೇಕಾಗಿಲ್ಲ. ದೇರಣ್ಣ, ಬಟ್ಯರ ಹೆಸರನ್ನು ಎಂಬತ್ತು ವರ್ಷದ ಮೇಲೂ ನಮ್ಮ ಬಾಯಲ್ಲಿ ಉಳಿಸಿದ್ದೂ ಅದೇ ಪುಸ್ತಕ.

ಪುತ್ತೂರಿನ ಬಾಲವನಕ್ಕೆ ಹೋದವರು ಕಾರಂತರ ಮನೆ ನೋಡಿ, ಮರದಡಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅಲ್ಲಿಂದ ಬೆಳ್ಳಾರೆ, ಪಂಜದ ದಾರಿಯಾಗಿ ಸುಬ್ರಹ್ಮಣ್ಯಕ್ಕೆ ಇಂದು ಡಾಂಬರು ರಸ್ತೆ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ರೈಲು ಐವತ್ತಕ್ಕೂ ಹೆಚ್ಚು ಸುರಂಗ ದಾಟಿ ಸಕಲೇಶಪುರಕ್ಕೆ ಏರುತ್ತದೆ. ಕಾರಂತರು ನಡೆದದ್ದು ಇದೇ ಬೆಟ್ಟಗಳ ಸಂದಿಯಲ್ಲಿ. ಆ ದಾರಿಯಲ್ಲಿ ಹೋಗುವವರು ಕೈಚೀಲದಲ್ಲಿ ಪುಸ್ತಕವನ್ನೂ ಇಟ್ಟುಕೊಂಡರೆ ಚೆನ್ನ. ಒಂದು ಹೋಗುವ ದಾರಿಗೆ, ಒಂದು ಬರುವ ದಾರಿಗೆ ಎಂದು ಎರಡೇ ಕೂರುವಿಕೆಯಲ್ಲಿ ಮುಗಿಯುವಷ್ಟು ಗಾತ್ರ ಅದರದು.

ಮತ್ತೆ ಮೊದಲಿನ ಪ್ರಶ್ನೆ. ಶಂಭು ಬರುತ್ತಾನಾ? ಕಾರಂತರು ಅವನನ್ನು ಕರೆತರುವುದಿಲ್ಲ. ಅತಿಥಿ ಕೊನೆಗೂ ಹೊರಡುತ್ತಾನೆ, ಶಂಭುವನ್ನು ಹುಡುಕುವ ಮನಸ್ಸು ಹೊತ್ತುಕೊಂಡು. ಅವನನ್ನು ಕಳುಹಿಸಿ ಗೋಪಾಲಯ್ಯ ಮನೆಗೆ ಮರಳಬೇಕು. ತೋಟಕ್ಕೆ ನೀರು ಬಿಡುವ ಹೊತ್ತಾಗಿರುತ್ತದೆ, ಶಂಕರಮ್ಮ ಒಳಗೆ ಒಬ್ಬಳೇ ಇರುತ್ತಾಳೆ.